ಏಳನೇ ತಂಡದ ಸಾಲು

ಬೆಳಿಗ್ಗೆಯಿಂದ ರೈಖಾನ್ ಒಂದು ಹಳದಿ ಬಣ್ಣದ ಜೊತೆ ಗುದ್ದಾಡುತ್ತ ಕೂತಿದ್ದಳು. ಹಿಂದಿನ ದಿನ ಉಪನಿರ್ದೇಶಕ ಮುರಾತ್ಬೆಕ್ ಶಾಕೆನೊವಿಚ್ ಕಂಟ್ರೋಲ್ ರೂಮಿಗೆ ಬಂದು, ಗೋಡೆಯ ದೊಡ್ಡ ಪರದೆಯ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನಮ್ಮ ಇದು, ಕಾಮಾಲೆ ಬಂದವರ ಕಣ್ಣಿದ್ದ ಹಾಗಿದೆ ನಿನ್ನ ಹಳದಿ! ರಾಜಧಾನಿಯಿಂದ ಜನ ಬರ್ತಾರೆ. ಸ್ವಲ್ಪ ಆರೋಗ್ಯವಾಗಿ ಕಾಣೋ ಹಾಗೆ ಮಾಡು" ಎಂದಿದ್ದ. ಫೋನಿನ ಮುಂದೆ ಕೂತ ಹೆಂಗಸರೆಲ್ಲ ನಕ್ಕಿದ್ದರು. ರೈಖಾನಳೂ ತುಟಿ ಅಗಲಿಸಿದ್ದಳು. ತನಗಿಂತ ಆರೇಳು ವರ್ಷ ಚಿಕ್ಕವನು ತನ್ನನ್ನು ಏಕವಚನದಲ್ಲಿ ಕರೆದದ್ದಕ್ಕಿಂತ, ಆ ನಗು ತನ್ನ ಮುಖದಲ್ಲಿ ಎಷ್ಟು ಸಲೀಸಾಗಿ ಮೂಡಿತೆಂಬುದು ರಾತ್ರಿಯೆಲ್ಲ ಅವಳನ್ನು ಕಾಡಿತ್ತು. ಹಳದಿಗೆ ಸ್ವಲ್ಪ ಕೆಂಪು ಸೇರಿಸಿದರೆ ಕಿತ್ತಳೆಯಾಗಿ ಅಪಾಯದಂತೆ ಕಾಣುತ್ತಿತ್ತು. ಬಿಳಿ ಸೇರಿಸಿದರೆ ಏನೂ ಆಗಿಲ್ಲವೆಂಬಂತೆ. ಎಚ್ಚರಿಸಬೇಕು, ಹೆದರಿಸಬಾರದು. ಕಿಟಕಿಯಾಚೆ ಜನವರಿಯ ಆಕಾಶ ಹಾಲು ಕಮ್ಮಿಯಾದ ಚಹಾದ ಬಣ್ಣದಲ್ಲಿತ್ತು. ಶಾಖ ಕೇಂದ್ರದ ಚಿಮಣಿಗಳಿಂದ ಏಳುತ್ತಿದ್ದ ಹೊಗೆ ಚಳಿಗೆ ಬಾಗದೆ ನೆಟ್ಟಗೆ ನಿಂತಿತ್ತು. ಹಾಗೆ ನಿಂತಿತೆಂದರೆ ಸೊನ್ನೆಗಿಂತ ಮೂವತ್ತು ಡಿಗ್ರಿಗೂ ಕೆಳಗೆ ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಹಳ್ಳಿಯ ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟರಾಗಿದ್ದ. ಥರ್ಮಾಮೀಟರಿನ ಮೇಲೂ ಅವನಿಗೆ ಪೂರ್ತಿ ನಂಬಿಕೆಯಿರಲಿಲ್ಲ.

ನಗರದ ಮನೆಗಳಿಗೆಲ್ಲ ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಬೆಚ್ಚಗಿಡುವ ಸಂಸ್ಥೆ ಅದು. ಎಲ್ಲೋ ಒಂದು ಕೊಳವೆ ಒಡೆಯುತ್ತದೆ, ಯಾರೋ ಫೋನ್ ಮಾಡುತ್ತಾರೆ, ಕಂಟ್ರೋಲ್ ರೂಮಿನ ಹೆಂಗಸರು ದೂರು ಬರೆದುಕೊಂಡು ಒಂದು ತಂಡವನ್ನು ಕಳಿಸುತ್ತಾರೆ. ತಂಡದ ಮುಖಂಡನ ಕೈಯಲ್ಲಿ ಒಂದು ಟ್ಯಾಬ್ ಇರುತ್ತದೆ. ಹೊರಟಾಗ ಒಂದು ಗುಂಡಿ ಒತ್ತಬೇಕು, ತಲುಪಿದಾಗ ಒಂದು, ಕೆಲಸ ಶುರುವಾದಾಗ ಒಂದು, ಮುಗಿದಾಗ ಒಂದು. ಈ ಒತ್ತುವಿಕೆಗಳನ್ನೆಲ್ಲ ಸೋಸಿ, ಕೂಡಿಸಿ, ಭಾಗಿಸಿ, ಬಣ್ಣ ಬಳಿದು ಗೋಡೆಯ ಮೇಲೆ ತೋರಿಸುವುದು ರೈಖಾನಳ ಕೆಲಸ. ಅವಳು ಬರುವ ಮೊದಲು 'ಸ್ಥಳದಲ್ಲಿ ಕಳೆದ ಸಮಯ' ಎಂಬ ಒಂದೇ ಮುದ್ದೆಯಿತ್ತು. ಅವಳು ಅದನ್ನು ಎರಡಾಗಿ ಕತ್ತರಿಸಿದಳು: ಕಾಯುವಿಕೆ, ಕೆಲಸ. ಕತ್ತರಿಸದೆ ಏನೂ ಕಾಣುವುದಿಲ್ಲ ಎಂಬುದು ಅವಳು ಕಲಿತ ವಿಜ್ಞಾನದ ಮೊದಲ ಪಾಠ. ಕತ್ತರಿಸಿದ ಮೇಲೆ ಚೆನ್ನಾಗಿಯೇ ಕಂಡಿತು. ರಸ್ತೆಯಡಿಯ ಕಾಂಕ್ರೀಟ್ ಗುಂಡಿಗೆ ಇಳಿಯುವ ಮೊದಲು ಕವಾಟ ಮುಚ್ಚಬೇಕು, ಕುದಿನೀರು ಬಸಿಯಬೇಕು, ಹಬೆ ಹೊರಹೋಗಬೇಕು. ಅಲ್ಲಿಯವರೆಗೆ ತಂಡ ಮೇಲೆ ನಿಂತು ಕಾಯುತ್ತದೆ. ಕೆಲವರು ಸ್ವಲ್ಪ ಕಾಯುತ್ತಾರೆ. ಏಳನೇ ತಂಡ ಎಲ್ಲರಿಗಿಂತ ಹೆಚ್ಚು ಕಾಯುತ್ತಿತ್ತು. ಅರ್ಧ ಗಂಟೆ ದಾಟಿದರೆ ಹಳದಿ, ಮುಂದೆ ಕೆಂಪು ಎಂದು ನಿಗದಿ ಮಾಡಿದವನು ಮುರಾತ್ಬೆಕ್. ರೈಖಾನ್ ಒಂದು ಟಿಪ್ಪಣಿ ಬರೆದಿದ್ದಳು, ಗುಂಡಿಯ ಆಳ ಮತ್ತು ಹೊರಗಿನ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಾಯುವಿಕೆಗೆ ಮಿತಿ ಹಾಕುವುದು ಸರಿಯಲ್ಲ, ಬಿಸಿ ಇಳಿಯುವುದು ಸರಳ ರೇಖೆಯಲ್ಲಿ ಅಲ್ಲ ಎಂದು. "ಒಂದು ಸಂಖ್ಯೆ, ಒಂದು ಬಣ್ಣ. ಮೇಯರ್ ಸಾಹೇಬರನ್ನ ಕೂರಿಸ್ಕೊಂಡು ಗಣಿತ ಪಾಠ ಮಾಡ್ಲಾ ನಾನು?" ಎಂದ ಅವನು. ಅವಳು ಎರಡನೆಯ ಸಲ ಬರೆಯಲಿಲ್ಲ.

ಬರೆಯಬಹುದಿತ್ತು. ತಿಂಗಳ ಸಭೆಯಲ್ಲಿ ಏಳನೇ ತಂಡದ ಮುಖಂಡ ಸಾಪರ್ಗಾಲಿಯನ್ನು ಎಬ್ಬಿಸಿ ನಿಲ್ಲಿಸಿದಾಗಲಾದರೂ ಬಾಯಿ ತೆರೆಯಬಹುದಿತ್ತು. ಪಟ್ಟಿಯ ಕೊನೆಯ ಸಾಲಿನಲ್ಲಿ ಅವನ ತಂಡ. ತುಪ್ಪಳದ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಬ್ಬಕ್ಕೆ ಹೋದ ಬೀಗರ ಮನೆಯಲ್ಲಿ ಚಮಚ ಬೀಳಿಸಿದವನಂತೆ ನಿಂತಿದ್ದ. "ನಾನೇನ್ ಮಾಡ್ಲಿ ಅಗಾ, ಹಬೆ ನನ್ನ ಮಾತು ಕೇಳಲ್ಲ" ಎಂದ, ಮರ್ಯಾದೆಗೆ ಅಣ್ಣನೆಂದು ಕರೆದು. "ಕೇಳೋವರೆಗೆ ಚಹಾ ಕುಡೀತಾ ಕೂತಿರ್ತೀರೇನೋ!" ಎಂದ ಮುರಾತ್ಬೆಕ್. ಸಭೆ ಘೊಳ್ಳೆಂದಿತು. ಅಂದಿನಿಂದ ಆ ತಂಡಕ್ಕೆ ಚಹಾ ತಂಡವೆಂದೇ ಹೆಸರಾಯಿತು. ಸಾಪರ್ಗಾಲಿಯ ಹೆಂಡತಿ ಕಮ್ಶಾತ್ ಇದೇ ಕಂಟ್ರೋಲ್ ರೂಮಿನಲ್ಲಿ ಫೋನ್ ತೆಗೆಯುವವಳು. ಗಂಡನ ತಂಡದ ಸಾಲು ಗೋಡೆಯ ತಳದಲ್ಲಿ ಕೆಂಪಗೆ ಮಿನುಗುವುದನ್ನು ಪಾಳಿಯುದ್ದಕ್ಕೂ ನೋಡುತ್ತ ಕೂರುತ್ತಿದ್ದಳು. ಸಭೆಯ ಆ ನಗುವಿನಲ್ಲಿ ತನ್ನ ಪಾಲೆಷ್ಟಿತ್ತು ಎಂದು ರೈಖಾನ್ ಆಮೇಲೆ ನೆನಪಿಸಿಕೊಳ್ಳಲು ನೋಡಿದ್ದಳು. ಸದ್ದಿರಲಿಲ್ಲ, ಅಷ್ಟು ಖಾತ್ರಿ.

ಹಳದಿಯನ್ನು ಗೋಧಿಯ ಬಣ್ಣಕ್ಕೆ ತಂದು ತಲೆಯೆತ್ತಿದಾಗ ಅವಳ ಮೇಜಿನ ಪರದೆಯಲ್ಲಿ ಒಂದು ಸಾಲು ಕಪ್ಪಗಿತ್ತು. ಕಪ್ಪು ಬಣ್ಣವನ್ನು ಅವಳೇ ಇಟ್ಟಿದ್ದಳಾದರೂ ಅದು ಬಳಕೆಯಾದದ್ದನ್ನು ಕಂಡಿರಲಿಲ್ಲ. ಬಣ್ಣ ಕೆಡಿಸಿಕೊಂಡೆನೇನೋ ಎಂದೇ ಮೊದಲು ಅನ್ನಿಸಿತು. ಏಳನೇ ತಂಡ: ಅಪಘಾತ. ಅವಳ ಪರದೆ ಗೋಡೆಯ ಪರದೆಗಿಂತ ಕೆಲವು ನಿಮಿಷ ಮುಂದಿರುತ್ತದೆ, ಪರೀಕ್ಷೆಗೆಂದು ಹಾಗೆ ಇಟ್ಟುಕೊಂಡದ್ದು. ಅಂದರೆ ಈ ಕಪ್ಪು ಸದ್ಯ ಅವಳೊಬ್ಬಳಿಗೇ ಗೊತ್ತು; ಗಾಜಿನ ಗೋಡೆಯ ಆಚೆ ಹೆಡ್‌ಫೋನ್ ಹಾಕಿಕೊಂಡು ಯಾರಿಗೋ ಸಮಾಧಾನ ಹೇಳುತ್ತಿರುವ ಕಮ್ಶಾತಳಿಗೆ ಇನ್ನೂ ಗೊತ್ತಿಲ್ಲ. ಫೋನ್ ಬಡಿದುಕೊಂಡಿತು. ಮುರಾತ್ಬೆಕ್. ದನಿಯಲ್ಲಿ ಎಂದಿನ ತಮಾಷೆಯಿರಲಿಲ್ಲ, ಬಹುವಚನ ಬಂದಿತ್ತು, ಅಕ್ಕ ಎನ್ನುವ 'ಆಪಾ' ಕೂಡ.

"ರೈಖಾನ್ ಆಪಾ, ಗೋಡೆ ಮೇಲೆ ಬಂತಾ?"

"ಇನ್ನೂ ಇಲ್ಲ."

"ಬರಬಾರದು. ಸಾಪರ್ಗಾಲಿ ಹೋಗ್ಬಿಟ್ಟ. ಗುಂಡಿಯೊಳಗೆ ಕುದಿನೀರು ನುಗ್ಗಿದೆ. ಆಂಬುಲೆನ್ಸಲ್ಲೇ... ಮೇಲೆ ನಿಂತಿದ್ದ ಡ್ರೈವರು ಟ್ಯಾಬಲ್ಲಿ ಒತ್ತಿದ್ದಾನೆ, ಪಾಪ, ಅವನಿಗೆ ಕೈಕಾಲು ಆಡ್ತಿರ್ಲಿಲ್ಲ. ಅವನ ದೊಡ್ಡಪ್ಪನ್ನ ಕರ್ಕೊಂಡು ಬರೋಕೆ ಹಳ್ಳಿಗೆ ಕಾರು ಕಳಿಸಿದ್ದೀನಿ. ಹಿರಿಯರು ಬಂದು ಹೇಳೋವರೆಗೆ ಆ ಹುಡುಗಿ ಕಿವಿಗೆ ಬೀಳಬಾರದು."

"ಮನೆಗೆ ಕಳಿಸಿಬಿಡೋಣ್ವಾ?"

"ದಾರೀಲಿ ಯಾವನಾದ್ರೂ ಮೂರ್ಖ ಬಾಯಿಬಿಟ್ರೆ? ಅಲ್ಲೇ ಇರ್ಲಿ, ನಿಮ್ಮ ಕಣ್ಮುಂದೆ. ಆ ಸಾಲನ್ನ ಹಸಿರು ಮಾಡಿ. ಹಸಿರು ಕಂಡ್ರೆ ಯಾರೂ ಏನೂ ಕೇಳಲ್ಲ."

ಎರಡು ವರ್ಷದಲ್ಲಿ ಅವಳು ಒಂದು ಕೆಂಪನ್ನೂ ಮುಚ್ಚಿದವಳಲ್ಲ. ಮೇಯರನ ನಾದಿನಿಯ ಬೀದಿ ವಾರವೆಲ್ಲ ಕೆಂಪಾಗಿದ್ದಾಗ ಫೋನ್ ಮೇಲೆ ಫೋನ್ ಬಂದರೂ, ಅಂಕಿ ಸರಿಯಿದೆ ಎಂದಷ್ಟೇ ಹೇಳಿ ಸುಮ್ಮನಿದ್ದಳು. ಈಗ ಕಂಪ್ಯೂಟರಿಗೆ ಒಂದೇ ಒಂದು ಸಾಲಿನ ಆದೇಶ ಬರೆದಳು: ತಂಡ ಏಳು ಆಗಿದ್ದರೆ, ಟ್ಯಾಬಿನಿಂದ ಏನೇ ಬರಲಿ, 'ಖಾಲಿ' ಎಂದು ತೋರಿಸು, ಉಳಿದ ಅಂಕಣಗಳನ್ನು ಬರಿದಾಗಿಡು. ಆವರಣ ಚಿಹ್ನೆ ಮುಚ್ಚಿದೆಯೇ ಎಂದು ಎರಡು ಸಲ ನೋಡಿದಳು. ಗೋಡೆಯ ಪರದೆ ಕಣ್ಣು ಮಿಟುಕಿಸಿದಂತೆ ಒಮ್ಮೆ ಅಲುಗಿ, ಏಳನೇ ತಂಡದ ಎದುರು ಎಳೆ ಹುಲ್ಲಿನ ಹಸಿರು ಮೂಡಿತು. ಕಮ್ಶಾತ್ ತಲೆಯೆತ್ತಿ ನೋಡಿ, ಪಕ್ಕದವಳ ಮೊಣಕೈ ತಿವಿದು ಏನೋ ಹೇಳಿ ನಕ್ಕಳು.

ಅಪ್ಪ ಸತ್ತಾಗ ರೈಖಾನ್ ತೋಮ್ಸ್ಕ್‌ನಲ್ಲಿ ಓದುತ್ತಿದ್ದಳು. 'ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ, ಬಂದು ಹೋಗು' ಎಂದು ಹಾಸ್ಟೆಲಿಗೆ ಫೋನ್ ಬಂದಿತ್ತು. ರೈಲಿನಲ್ಲಿ ಪರೀಕ್ಷೆಗೆ ಓದಿಕೊಂಡೇ ಬಂದಳು. ನಿಲ್ದಾಣಕ್ಕೆ ಬಂದ ದೊಡ್ಡಮ್ಮನ ಮಗ ಅವಳ ಚೀಲ ತೆಗೆದುಕೊಂಡು, ರಷ್ಯನ್ನರ ಅನ್ನ ತಿಂದು ಕಡ್ಡಿಯಾಗಿದ್ದೀಯಲ್ಲೇ ಎಂದು ಛೇಡಿಸಿ, ಖಾನಾವಳಿಗೆ ಕರೆದುಕೊಂಡು ಹೋಗಿ ಲಗ್ಮನ್ ಶಾವಿಗೆ ಕೊಡಿಸಿದ. ಅವಳು ಎರಡು ತಟ್ಟೆ ತಿಂದಳು. ಎರಡನೆಯ ತಟ್ಟೆಗೆ ವಿನೆಗರ್ ಹಾಕಿಕೊಳ್ಳುತ್ತ ಅಪ್ಪನಿಗೆ ಜ್ವರವೋ ಹೇಗೆ ಎಂದು ಕೇಳಿದಳು. ಅವನು ಬಟ್ಟಲೊಳಗೆ ನೋಡುತ್ತ, "ನೀನು ತಿನ್ನು" ಎಂದ. ಮನೆಯ ಅಂಗಳದಲ್ಲಿ ಗಂಡಸರು ಸಾಲಾಗಿ ನಿಂತಿದ್ದರು. ಮುದುಕನೊಬ್ಬ ಎದುರು ಬಂದು ಗಟ್ಟಿಯಾಗಿರು ಮಗಳೇ ಎಂದ. ಒಳಗಿನಿಂದ ಹೆಂಗಸರ ಅಳು ಎದ್ದಿತು. ಎಲ್ಲರಿಗೂ ಗೊತ್ತಿತ್ತು. ರೈಲಿನಲ್ಲಿ ಎದುರು ಕೂತು ಬಾವುರ್ಸಾಕ್ ಎಂಬ ಕರಿದ ಹಿಟ್ಟಿನುಂಡೆ ಕೊಟ್ಟ ಊರಿನ ಹೆಂಗಸಿಗೂ ಗೊತ್ತಿತ್ತೆಂದು ಆಮೇಲೆ ತಿಳಿಯಿತು. ಸಾವಿಗಿಂತ ಆ ಎರಡು ತಟ್ಟೆಯ ಅವಮಾನವೇ ಅವಳಲ್ಲಿ ಹೆಚ್ಚು ಕಾಲ ಉಳಿಯಿತು. ಸುತ್ತಿ ಬಳಸುವ ಈ ಜನರ ನಡುವೆ ನೆಟ್ಟಗೆ ಹೇಳುವುದು ಅಂಕಿಯೊಂದೇ ಎಂದು ಆಗ ತೀರ್ಮಾನಿಸಿದ್ದಳು. ಅಥವಾ ಕೆಲಸ ಸಿಕ್ಕ ಮೇಲೆ, ಹಾಗೆ ತೀರ್ಮಾನಿಸಿದ್ದೆ ಎಂದುಕೊಂಡಿದ್ದಳು.

ಕಪ್ಪು ಸಾಲಿನ ಮೇಲೆ ಒಮ್ಮೆ ಒತ್ತಿದರೆ ಆ ಕೆಲಸದ ಪೂರ್ತಿ ವಿವರ ತೆರೆದುಕೊಳ್ಳುತ್ತದೆ: ಯಾವಾಗ ತಲುಪಿದ, ಎಷ್ಟು ಹೊತ್ತು ಕಾದ, ಯಾವಾಗ ಇಳಿದ. ಅವಳು ಒತ್ತಲಿಲ್ಲ. ಕಾದಿದ್ದರೆ ಇದು ಕವಾಟದ ತಪ್ಪು, ಹಳೆಯ ಕೊಳವೆಯ ತಪ್ಪು, ಚಳಿಯ ತಪ್ಪು. ಕಾದಿರದಿದ್ದರೆ? ಕಾದಿರದಿದ್ದರೂ ಅವನು ಯಾಕೆ ಕಾಯಲಿಲ್ಲವೆಂದು ಯಾರು ಹೇಳಬಲ್ಲರು, ಒಬ್ಬ ಮನುಷ್ಯನ ಆತುರಕ್ಕೆ ನೂರು ಕಾರಣ ಇರಬಹುದು. ಎರಡು ಸಂಗತಿಗಳು ಜೊತೆಯಾಗಿ ಬಂದವೆಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ. ಮೊದಲ ವರ್ಷದ ಹುಡುಗರಿಗೂ ಇದು ಗೊತ್ತು. ಗೊತ್ತಿದ್ದೂ ಬೆರಳು ಮುಂದೆ ಹೋಗಲಿಲ್ಲ. ಇಲಿಯ ಮೇಲೆ ಬೋಗುಣಿ ಕವುಚಿ ಎತ್ತಲಾರದೆ ನಿಂತವಳ ಹಾಗೆ ಪರದೆಯ ಮುಂದೆ ಕೂತಿದ್ದು, ಕೊನೆಗೆ ಎದ್ದು ಚಹಾ ಮಾಡಲು ಹೋದಳು.

ಪಡಸಾಲೆಯ ಮೂಲೆಯಲ್ಲಿ ಜಿನೈದಾ ಯಾಕೊವ್ಲೆವ್ನಾ ಅಡ್ಡಗಟ್ಟಿದಳು. ಪಾಳಿಯ ಹಿರಿಯಳು, ರಷ್ಯನ್ ಹೆಂಗಸು, ನಿವೃತ್ತಿಯ ಅಂಚಿನಲ್ಲಿದ್ದವಳು. ಮುರಾತ್ಬೆಕ್ ಅವಳಿಗೂ ಹೇಳಿದ್ದ, ಹೇಳದೆ ವಿಧಿಯಿರಲಿಲ್ಲ.

"ಇದು ಪಾಪ ಕಣೇ. ಅಲ್ಲಿ ಗಂಡ ತಣ್ಣಗಾಗಿ ಮಲಗಿದ್ದಾನೆ, ಇಲ್ಲಿ ಇವಳು ಊರಿನವರ ಜೊತೆ ತಮಾಷೆ ಮಾಡ್ತಿದ್ದಾಳೆ. ನಾನೇ ಹೋಗಿ ಹೇಳ್ಲಾ?"

"ಬೇಡ. ಒಂಟಿ ಬಾಯಲ್ಲಿ ಹೇಳಬಾರದು. ಮನೆಯವರು ಬರ್ಬೇಕು."

"ನೀನು! ಗೋಡೆ ಮೇಲೆ ಮೇಯರ್‌ನೂ ಬಿಡದೋಳು ನೀನು."

ರೈಖಾನ್ ಕೆಟಲಿಗೆ ನೀರು ತುಂಬಿದಳು. ನೀರು ಕುದಿಯುವ ಸದ್ದು ಕೇಳುತ್ತ ಕೆಟಲಿನ ಮೂತಿಯಿಂದ ಏಳುವ ಹಬೆಯನ್ನು ನೋಡಿದಳು; ಮುಖ ಬೇರೆ ಕಡೆ ತಿರುಗಿಸಿದಳು. ಹಾಲು ಹಾಕಿ, ಎರಡು ಚಮಚ ಸಕ್ಕರೆ ಕಲಸಿ, ಬಟ್ಟಲನ್ನು ಕಂಟ್ರೋಲ್ ರೂಮಿಗೆ ಒಯ್ದಳು. ಫೋನುಗಳೆಲ್ಲ ಪಾಳಿ ಮುಗಿಯುವವರೆಗೆ ಬಾಗಿಲ ಪಕ್ಕದ ಕಪಾಟಿನೊಳಗೆ. ಅದೂ ಅವಳೇ ಸೂಚಿಸಿದ ನಿಯಮ: ಸ್ವಂತ ಫೋನ್ ಕೈಯಲ್ಲಿದ್ದರೆ ಕರೆಗಳ ಅವಧಿ ಏರುತ್ತದೆಂದು ಅಂಕಿ ತೋರಿಸಿತ್ತು. ಹೊರಗಿನ ಸುದ್ದಿಗೆ ಒಳಬರಲು ಗೋಡೆಯೊಂದೇ ದಾರಿ. ಗೋಡೆಯನ್ನೂ ಮುಚ್ಚಿಯಾಗಿತ್ತು.

ಕಮ್ಶಾತ್ ಯಾರೋ ಮುದುಕಿಯ ಜೊತೆ ಮಾತಾಡುತ್ತಿದ್ದಳು. "ಕೋಣೇಲಿ ಎಷ್ಟು ಡಿಗ್ರಿ ಅಜ್ಜಿ? ಕಾಣಲ್ವಾ? ಕನ್ನಡಕ ಬೇಡ ಬಿಡಿ, ಬಾಯಿಂದ ಹೊಗೆ ಬರ್ತಿದೆಯಾ ಅಷ್ಟು ಹೇಳಿ... ಬರ್ತಿಲ್ಲ ಅಂದ್ರೆ ಬದುಕ್ತೀರ. ನೋಡಿ, ಏಳನೇ ತಂಡ ಖಾಲಿ ಇದೆ. ಬೇರೆಯವರನ್ನಲ್ಲ, ನನ್ನ ಗಂಡನ್ನೇ ಕಳಿಸ್ತೀನಿ. ಚಹಾ ಮಾತ್ರ ಕೊಡಬೇಡಿ ಅಜ್ಜಿ, ಕೊಟ್ರೆ ಅಲ್ಲೇ ಕೂತ್ಬಿಡ್ತಾರೆ, ನಮ್ಮ ಬಾಸು ಬೈತಾರೆ." ಸುತ್ತಲಿನವರು ನಕ್ಕರು. ಅವರಿಗೂ ಗೊತ್ತಿರಲಿಲ್ಲ. ಜಿನೈದಾ ತನ್ನ ಮೇಜಿನಿಂದಲೇ, ಸದ್ದಿಲ್ಲದೆ, ಆ ದೂರನ್ನು ಏಳನೇ ತಂಡದಿಂದ ಕಿತ್ತು ಮೂರನೇ ತಂಡಕ್ಕೆ ಹಾಕಿದಳು.

ರೈಖಾನ್ ಬಟ್ಟಲನ್ನು ಕಮ್ಶಾತಳ ಮುಂದೆ ಇಟ್ಟಳು. ಕಮ್ಶಾತ್ ಬಟ್ಟಲು ನೋಡಿದಳು, ಆಮೇಲೆ ಅದನ್ನು ಇಟ್ಟ ಕೈ ನೋಡಿದಳು, ಆಮೇಲೆ ಮುಖ.

"ಅಯ್ಯೋ ಆಪಾ, ನೀವ್ಯಾಕೆ... ನಾನೇ ಮಾಡ್ಕೊಡ್ತಿದ್ದೆ."

"ಇರ್ಲಿ, ಕುಡಿ. ನನಗೆ ಮಾಡ್ಕೊಂಡೆ, ಜಾಸ್ತಿ ಆಯ್ತು."

ರೈಖಾನಳ ಕೈಯಲ್ಲಿ ಇನ್ನೊಂದು ಬಟ್ಟಲಿರಲಿಲ್ಲ. ಹತ್ತು ವರ್ಷ ಹಿರಿಯಳಾದವಳು ಕಿರಿಯಳಿಗೆ ಚಹಾ ಮಾಡಿ ತಂದು ಮುಂದಿಡುವುದು ಈ ಜನರಲ್ಲಿ ನಡೆಯುವ ಮಾತಲ್ಲ. ಸೊಸೆಯಾಗಿ ಮನೆಗೆ ಬಂದ ದಿನದಿಂದ ಚಹಾ ಬಗ್ಗಿಸುವ ಕೈ ಯಾವುದು, ತೆಗೆದುಕೊಳ್ಳುವ ಕೈ ಯಾವುದು ಎಂಬುದು ನಿಶ್ಚಯವಾಗಿರುತ್ತದೆ. ಕಾಯಿಲೆಯವರಿಗೆ ಕೊಡುತ್ತಾರೆ, ಮತ್ತೆ, ಸಾವಾದ ಮನೆಯಲ್ಲಿ ಕೊಡುತ್ತಾರೆ. ಇದು ರೈಖಾನಳಿಗೆ ಹೊಳೆದದ್ದು ಬಟ್ಟಲು ಇಟ್ಟ ಮೇಲೆ. ಕಮ್ಶಾತ್ ಎರಡೂ ಕೈಯಿಂದ ಬಟ್ಟಲನ್ನೆತ್ತಿ ಒಂದು ಗುಟುಕು ಕುಡಿದಳು. ಪರದೆಯತ್ತ ನೋಡಿದಳು. ಹಸಿರು. ತನ್ನ ಯಂತ್ರದ ಮೇಲೆ ಈಗಷ್ಟೇ ಕಳಿಸಿದ ದೂರು ಮೂರನೇ ತಂಡದ ಹೆಸರಿನಲ್ಲಿರುವುದನ್ನೂ ನೋಡಿರಬೇಕು, ಅವಳ ಕಣ್ಣು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಮುಂದಿನ ಕರೆ ಬಂತು. "ಶಾಖ ಸೇವೆ, ಹೇಳಿ" ಎಂದಳು. ದನಿ ಸಾಫಾಗಿತ್ತು. ರೈಖಾನ್ ಸಮಾಧಾನದ ಉಸಿರು ಬಿಟ್ಟು, ಆ ಸಮಾಧಾನಕ್ಕೆ ತನ್ನ ಮೇಲೇ ಹೇಸಿಕೊಂಡು, ಗಾಜಿನ ಕೋಣೆಗೆ ಮರಳಿದಳು.

ಅಲ್ಲಿಂದ ನೋಡುವುದೊಂದೇ ಕೆಲಸವಾಯಿತು. ಕಮ್ಶಾತ್ ಕರೆಗಳನ್ನು ತೆಗೆಯುತ್ತಿದ್ದಳು, ಬರೆಯುತ್ತಿದ್ದಳು, ಕಳಿಸುತ್ತಿದ್ದಳು. ತಮಾಷೆ ನಿಂತಿತ್ತು. ಏಳನೇ ತಂಡ ಖಾಲಿಯೆಂದು ಗೋಡೆ ಹೇಳುತ್ತಿದ್ದರೂ ಅದಕ್ಕೆ ಇನ್ನೊಂದು ದೂರನ್ನೂ ಕೊಡಲಿಲ್ಲ. ದೂರದ ಬೀದಿಯಲ್ಲಿದ್ದ ತಂಡಗಳನ್ನು ಎಳೆತಂದಳು, ಕೆಲಸದಲ್ಲಿದ್ದವರ ಹೆಸರಿಗೆ ಸರತಿ ಹಚ್ಚಿದಳು, ಏಳನ್ನು ಮಾತ್ರ ಮುಟ್ಟಲಿಲ್ಲ. ಬೇರೆ ದಿನವಾಗಿದ್ದರೆ ರೈಖಾನ್ ಇದನ್ನು ಗುರುತು ಹಾಕಿಕೊಳ್ಳುತ್ತಿದ್ದಳು: ಹಂಚಿಕೆಯಲ್ಲಿ ಪಕ್ಷಪಾತ. ಗಂಡನಿಗೆ ವಿರಾಮ ಸಿಗಲೆಂದು ಮಾಡುತ್ತಿದ್ದಾಳೆ ಎಂದೇ ಈಗಲೂ ಓದಿಕೊಂಡಳು. ಹಾಗೆ ಓದಿದರೆ ಎಲ್ಲ ಕೂಡಿಬರುತ್ತಿತ್ತು. ಚಹಾದ ಮೇಲೆ ಕೆನೆ ಕಟ್ಟಿತು. ಬೀದಿದೀಪಗಳು ಹತ್ತಿಕೊಂಡವು. ಏನನ್ನೂ ಮಾಡದೆ ಕೂತ ಮನಸ್ಸು ಮತ್ತೆ ಹಳದಿಗೆ ಹೋಯಿತು. ಗೋಧಿಯ ಬಣ್ಣ ಚೆನ್ನಾಗಿಯೇ ಬಂದಿದೆ ಎಂದು ಒಂದು ಕ್ಷಣ ನಿಜವಾಗಿ ಸಂತೋಷವಾಯಿತು, ಅದೂ ಅವಳಿಗೆ ತಿಳಿಯಿತು.

ಕೊನೆಗೆ ಹಳ್ಳಿಯಿಂದ ಅವರು ಬಂದರು. ಮೂವರು ಮುದುಕರು, ನರಿ ಚರ್ಮದ ಟೋಪಿಗಳ ಮೇಲೆ ಹಿಮ; ಹಿಂದೆ ಬಿಳಿ ತಲೆವಸ್ತ್ರದ ಒಬ್ಬ ಹೆಂಗಸು; ಎಲ್ಲರ ಹಿಂದೆ ಮುರಾತ್ಬೆಕ್, ಬರಿತಲೆ. ಸಾಪರ್ಗಾಲಿಯ ದೊಡ್ಡಪ್ಪ ಮುಂದಿದ್ದ. ಹಿರಿಯರು ಗುಂಪಾಗಿ ಬಂದು ಹೊಸ್ತಿಲಲ್ಲಿ ನಿಂತರೆಂದರೆ ಮಾತು ಬೇಕಾಗಿರುವುದಿಲ್ಲ. ಒಬ್ಬಳು ಹೆಂಗಸು ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಮ್ಶಾತ್ ಮಾತ್ರ ಬೆನ್ನು ತಿರುಗಿಸಿಯೇ, ಎಡಗೈ ಮೇಲೆತ್ತಿ, ತಡೆಯಿರಿ ಎಂಬಂತೆ ಹಿಡಿದು, ಕರೆಯನ್ನು ಮುಗಿಸಿದಳು. "ಆಯ್ತು. ಬರ್ತಾರೆ. ಬಾಗಿಲಿಗೆ ಕಂಬಳಿ ಕಟ್ಟಿ ಅಲ್ಲಿವರೆಗೆ." ಹೆಡ್‌ಫೋನ್ ತೆಗೆದು, ಅದರ ತಂತಿಯನ್ನು ಸುತ್ತಿ, ಮೇಜಿನ ಮೇಲಿಟ್ಟು ಎದ್ದು ನಿಂತಳು. ರೈಖಾನ್ ಗಾಜಿನ ಬಾಗಿಲು ತೆರೆದು ಹೊರಬಂದಿದ್ದಳು, ಯಾಕೆಂದು ಗೊತ್ತಿಲ್ಲದೆ.

"ಮಗಳೇ," ಎಂದ ಮುದುಕ, "ಗಟ್ಟಿಯಾಗಿರು. ಬೆಟ್ಟ ಅಂದ್ಕೊಂಡಿದ್ದು ಕುಸಿಯುತ್ತೆ, ಕೆರೆ ಅಂದ್ಕೊಂಡಿದ್ದು ಬತ್ತುತ್ತೆ. ಕೊಟ್ಟೋನು ಕೇಳಿದ್ರೆ ಇಲ್ಲ ಅನ್ನೋಕೆ ನಾವ್ಯಾರು?"

"ಗೊತ್ತು ಆತಾ," ಎಂದಳು ಕಮ್ಶಾತ್ ತಾತನಿಗೆ.

ಮುದುಕ ಮುಂದಿನ ಮಾತು ಮರೆತವನಂತೆ ನಿಂತ. ಕಮ್ಶಾತ್ ರೈಖಾನಳ ಕಡೆ ತಿರುಗಿದಳು. ಮುಖ ಒಣಗಿತ್ತು, ತುಟಿಯ ಮೇಲೆ ಹಲ್ಲಿನ ಗುರುತು. "ನೀವು ಚಹಾ ತಂದಿಟ್ರಲ್ಲ ಆಪಾ, ಆಗಲೇ ಗೊತ್ತಾಯ್ತು. ಆದ್ರೆ ಗೋಡೆ ಮೇಲೆ ಹಸಿರಿತ್ತು. ಇರೋವಷ್ಟು ಹೊತ್ತು ಇರ್ಲಿ, ಕೂತಿರೋಣ ಅಂದ್ಕೊಂಡೆ." ಆಮೇಲೆ ದನಿ ತಗ್ಗಿಸಿ, ಆದರೂ ಎಲ್ಲರಿಗೂ ಕೇಳುವಂತೆ, "ಒಂದೇ ಒಂದು ಹೇಳಿ. ನಿಮಗೆ ಅಲ್ಲಿ ಎಲ್ಲಾ ಕಾಣುತ್ತೆ. ಅವರು ಕಾದಿದ್ರಾ?"

ಕಮ್ಶಾತ್ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ನಿನ್ನೆ ಜಗಳ ಆಡಿದ್ದೆ. ಎಲ್ಲರ ಮುಂದೆ ತಳದಲ್ಲಿ ಕೂರಿಸ್ತೀರಲ್ಲ ನನ್ನ, ನಾಚಿಕೆ ಆಗಲ್ವಾ ಅಂದೆ. ನಾಳೆಯಿಂದ ಕಾಯಲ್ಲ ಬಿಡು ಅಂತ ಹೇಳಿ ಮಲಗಿಬಿಟ್ರು. ಕಾದಿದ್ರಾ ಆಪಾ?"

ನೋಡಿಲ್ಲ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ನೋಡಿ ಬಂದು ಹೇಳುತ್ತೇನೆ ಎನ್ನಬಹುದಿತ್ತು. ಆದರೆ ಆ ಪ್ರಶ್ನೆ ತನ್ನದೇ, ಮಧ್ಯಾಹ್ನದಿಂದ ತಾನು ಮೇಜಿನ ಮೇಲೆ ಬೋಗುಣಿ ಕವುಚಿ ಮುಚ್ಚಿಟ್ಟದ್ದು. ಅದನ್ನೀಗ ಇವಳು ತನ್ನ ಹೆಗಲ ಮೇಲೆ ಹೊತ್ತು ನಿಂತಿದ್ದಾಳೆ. ಇವಳ ಹೆಗಲಿನಿಂದ ಇಳಿಸಿದರೆ ತನ್ನದರಿಂದಲೂ ಇಳಿಯುತ್ತದೆ ಎಂಬ ಲೆಕ್ಕ ಆ ಗಳಿಗೆಯಲ್ಲೇ ಮನಸ್ಸಿನ ಯಾವುದೋ ಮೂಲೆಯಲ್ಲಿ ನಡೆದುಹೋಗಿತ್ತು. ಮುರಾತ್ಬೆಕ್ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ. ಅವನಿಗೂ ಆ ಉತ್ತರವೇ ಬೇಕಿತ್ತು.

"ಕಾದಿದ್ರು ಕಮ್ಶಾತ್," ಎಂದಳು. "ಎಂದಿನ ಹಾಗೆ. ತುಂಬಾ ಹೊತ್ತು ಕಾದಿದ್ರು."

ಕಮ್ಶಾತ್ ತಲೆಯಾಡಿಸಿದಳು. ಇನ್ನೊಮ್ಮೆ ಆಡಿಸಿದಳು. ಬಿಳಿ ತಲೆವಸ್ತ್ರದ ಹೆಂಗಸು ಓಡಿಬಂದು ಹಿಡಿದುಕೊಂಡಳು. ಅಳು ಅಷ್ಟು ಹೊತ್ತಿಗೆ ಬಂತು, ಮೊದಲು ದನಿಯಿಲ್ಲದೆ, ಆಮೇಲೆ ಹಾಡಿನ ಹಾಗೆ ಎಳೆದುಕೊಂಡು. ಅವಳನ್ನು ನಡೆಸಿಕೊಂಡು ಹೋದರು. ಮುರಾತ್ಬೆಕ್ ಹಿಂದಿನಿಂದ ಹೋಗುತ್ತ ರೈಖಾನಳ ಮೊಣಕೈಯನ್ನು ಮೆಲ್ಲಗೆ ಒತ್ತಿ, "ದೊಡ್ಡ ಮನಸ್ಸು ಮಾಡಿದ್ರಿ. ಆ ಸಾಲನ್ನ ಪೂರ್ತಿ ತೆಗೆದುಬಿಡಿ, ವಿಚಾರಣೆ ಮುಗಿಯೋವರೆಗೆ" ಎಂದ. ಅವನ ಬೆರಳಿನ ಬಿಸುಪು ತೋಳಿನ ಮೇಲೆ ಉಳಿಯಿತು.

ಅವಳು ಗಾಜಿನ ಕೋಣೆಗೆ ಹೋಗಿ ಕೂತಳು. ಕರುಣೆಯ ಮಾತು ಆಡಿದವಳಿಗೆ ಆಗಬೇಕಾದ ಹಗುರ ಆಗಿರಲಿಲ್ಲ. ಎರಡು ತಟ್ಟೆ ಕೊಡಿಸಿದವನ ಮುಖ ಈಗ ತನಗಿದೆಯೇನೋ ಎಂದು ಕಿಟಕಿಯ ಗಾಜಿನಲ್ಲಿ ನೋಡಿಕೊಂಡಳು. ಅಲ್ಲಿ ಬೀದಿದೀಪವಿತ್ತು. ಮಧ್ಯಾಹ್ನ ಬರೆದ ಆದೇಶದ ಸಾಲು ಹಾಗೆಯೇ ಇತ್ತು. ಅದನ್ನು ಇಟ್ಟರೆ ಏಳನೇ ತಂಡ ಎಂದೆಂದಿಗೂ ಖಾಲಿ, ಎಂದೆಂದಿಗೂ ಹಸಿರು. ಮುರಾತ್ಬೆಕ್ ಹೇಳಿದಂತೆ ಮಾಡಿದರೆ ಏಳನೇ ತಂಡವೆಂಬುದೇ ಇಲ್ಲ, ಆರರ ನಂತರ ಎಂಟು. ಆ ಹೆಣ್ಣಿಗೆ ಹೇಳಿದ ಸುಳ್ಳು ಆ ಹೆಣ್ಣಿನ ಜೊತೆ ಹೋಯಿತು, ಅದು ಅವಳದು, ಅವಳು ಇಟ್ಟುಕೊಳ್ಳಲಿ. ಮುರಾತ್ಬೆಕ್‌ಗೆ ಅದರಲ್ಲಿ ಪಾಲಿಲ್ಲ. ಹೀಗೆ ಯೋಚಿಸಿದಳೋ, ಬರೀ ಕೈ ಮುಂದೆ ಹೋಯಿತೋ, ಆಮೇಲೆ ಅವಳಿಗೆ ಖಚಿತವಾಗಲಿಲ್ಲ. ಆದೇಶದ ಸಾಲನ್ನು ಅಳಿಸಿದಳು. ಬಾಗಿಲು ದಾಟಿ, ಕಂಟ್ರೋಲ್ ರೂಮಿನ ಹೆಂಗಸರ ನಡುವೆ, ಗೋಡೆಯ ಮುಂದೆ ಬಂದು ನಿಂತಳು.

ಪರದೆ ಅಲುಗಿತು. ಏಳನೇ ತಂಡದ ಸಾಲು ತಳದಲ್ಲಿ ಕಪ್ಪಾಯಿತು. ಅಂಕಣಗಳು ಒಂದೊಂದಾಗಿ ತುಂಬಿಕೊಂಡವು. ದಾರಿಯ ಸಮಯ, ನೀಲಿ. ಸ್ಥಿತಿ, ಅಪಘಾತ. ನಡುವೆ ಕಾಯುವಿಕೆಯ ಚೌಕದಲ್ಲಿ ಸೊನ್ನೆ ಮೂಡಿತು. ಟ್ಯಾಬಿನಲ್ಲಿ 'ತಲುಪಿದೆ' ಎಂಬ ಗುಂಡಿಯನ್ನೂ 'ಕೆಲಸ ಶುರು' ಎಂಬ ಗುಂಡಿಯನ್ನೂ ಸಾಪರ್ಗಾಲಿ ಒಂದೇ ಉಸಿರಿನಲ್ಲಿ ಒತ್ತಿದ್ದ. ಸೊನ್ನೆ ಮಿತಿಯ ಒಳಗಿತ್ತು; ಹಾಗಾಗಿ ಆ ಚೌಕ ಹಸಿರಾಗಿತ್ತು. ಹೆಂಗಸರೆಲ್ಲ ಓದಿದರು. ಯಾರ ಕಣ್ಣೂ ರೈಖಾನಳ ಕಡೆ ತಿರುಗಲಿಲ್ಲ, ಅದು ಅವಳಿಗೆ ಕುತ್ತಿಗೆಯ ಹಿಂದೆ ಗೊತ್ತಾಯಿತು.

ಮೇಜಿನ ಫೋನ್ ಬಡಿಯಿತು. ಕೆಳಗಿನ ಮಹಡಿಯಲ್ಲೂ ಒಂದು ಪರದೆಯಿತ್ತು.

"ಏನ್ ಮಾಡ್ತಿದ್ದೀಯಾ ನೀನು?" ಮುರಾತ್ಬೆಕ್ ಏಕವಚನಕ್ಕೆ ಮರಳಿದ್ದ. "ಏನದು ಗೋಡೆ ಮೇಲೆ? ತೆಗಿ!"

"ಅಂಕಿ ಸರಿಯಿದೆ."

"ಈಗಷ್ಟೇ ಕಾದಿದ್ದ ಅಂತ ನೀನೇ..."

"ಅದು ನಾನು ಹೇಳಿದ್ದು," ಎಂದಳು ರೈಖಾನ್. "ಇದು ಅಂಕಿ."

ಅವನು ಇನ್ನೂ ಮಾತಾಡುತ್ತಿದ್ದಾಗಲೇ, ಕಾಯುವಿಕೆಯ ಹೊಸ ಸರಾಸರಿ ಲೆಕ್ಕವಾಗಿ, ಕಡಿಮೆ ಕಾದವರನ್ನು ಮೇಲಿಡುವ ದಿನದ ಶ್ರೇಯಾಂಕ ತಂತಾನೇ ಬದಲಾಗತೊಡಗಿತು. ಕಪ್ಪು ಸಾಲು ತಳದಿಂದ ಮೇಲೆದ್ದು, ಉಳಿದ ತಂಡಗಳನ್ನು ಒಂದೊಂದಾಗಿ ಕೆಳಕ್ಕೆ ಸ್ಥಳಾಂತರಿಸುತ್ತ, ಸಾವಕಾಶವಾಗಿ ತುದಿಗೆ ಹೋಗಿ ನಿಂತಿತು. ಜಿನೈದಾ ಯಾಕೊವ್ಲೆವ್ನಾ ಎದ್ದು, ತನ್ನ ಕುರ್ಚಿಯನ್ನು ಗೋಡೆಗೆ ಬೆನ್ನಾಗುವಂತೆ ತಿರುಗಿಸಿಟ್ಟು, ಕೂತು, ಮುಂದಿನ ಕರೆಯನ್ನು ತೆಗೆದಳು.